ರಕ್ತನಾಳಕ್ಕೂ ಬೇಕು ಪರ್ಮಿಟ್

ಬೇರೆಯವರ ಕೆಲಸ ನಿಲ್ಲಿಸುವುದರಲ್ಲಿ ಸಿಗುವ ಸುಖ ನಮ್ಮ ಕೆಲಸ ಶುರುಮಾಡುವುದರಲ್ಲಿ ಸಿಗುವುದಿಲ್ಲ. ಇದು ಇಪ್ಪತ್ತು ವರ್ಷದ ಅನುಭವದ ಮಾತು. ಗಲ್ಫಿನ ಸಿತ್ರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಪರ್ಮಿಟ್ ಕೊಡುವವನು ನಾನು. ನನ್ನ ಸಹಿ ಬೀಳದೆ ಯಾವ ವೆಲ್ಡರೂ ಬೆಂಕಿ ಹಚ್ಚುವಂತಿಲ್ಲ. ಬಿದ್ದರೂ ಅದು ಒಂದು ಶಿಫ್ಟಿಗೆ ಮಾತ್ರ, ನಿನ್ನೆಯದು ಇವತ್ತಿಗೆ ನಡೆಯದು. "ಕಲ್ ಕಾ ಪರ್ಮಿಟ್ ಆಜ್ ನಹೀ ಚಲೇಗಾ" ಎಂದು ನಾನು ಗದರಿದರೆ ಆರಡಿ ಎತ್ತರದ ಫೋರ್‌ಮನ್ ಕೂಡ ತೆಪ್ಪಗೆ ಹೊಸ ಫಾರಂ ತರುತ್ತಾನೆ.

ಇಂಥ ನನ್ನನ್ನು ವರ್ಷದ ಮೆಡಿಕಲ್‌ನಲ್ಲಿ ಡಾಕ್ಟರು ತಡೆದರು. ಮೂರು ತಿಂಗಳಲ್ಲಿ ರಕ್ತದೊತ್ತಡ ಇಳಿಯದಿದ್ದರೆ ಪ್ಲಾಂಟ್ ಬಿಟ್ಟು ಸ್ಟೋರಿನ ಮೇಜಿಗೆ ಹೋಗಬೇಕು. ಮಾತ್ರೆಯ ಜೊತೆ ದಿನಾ ನಡಿಗೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಆದರೆ ಎದ್ದು ನಡೆಯುವಷ್ಟು ಆಗಲಿಲ್ಲ. ರಿಫಾದ ನಮ್ಮ ಫ್ಲಾಟಿನಲ್ಲಿ ಕುಳಿತು ಬಿಸಿಲು, ಧೂಳು, ಮಂಡಿನೋವು ಎಂದು ದಿನಕ್ಕೊಂದು ನೆಪ ತೆಗೆದೆ. "ನಾಳೆಯಿಂದ ಅಂತ ಹೇಳ್ಲಿಕ್ಕೆ ನಿಮ್ಗೆ ಬೇಜಾರು ಬರೂದಿಲ್ವಾ ಮಾರಾಯ್ರೆ?" ಎಂದಳು ಹೆಂಡತಿ ಶೈಲಾ.

ಊರಲ್ಲಿ ಬಯೋಕೆಮಿಸ್ಟ್ರಿ ಓದುತ್ತಿದ್ದ ಮಗಳು ಅನುಷಾ ರಜೆಗೆ ಬಂದಿದ್ದಳು. "ಪಪ್ಪಾ, ನಡೆದ್ರೆ ರಕ್ತನಾಳದ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ತದೆ. ನಾಳ ಸಡಿಲ ಆಗ್ತದೆ, ಪ್ರೆಶರ್ ಇಳೀತದೆ" ಎಂದಳು. ನಾನು ನೆಟ್ಟಗೆ ಕುಳಿತೆ. ಪ್ಲಾಂಟಿನಲ್ಲಿ ಆ ಅನಿಲ ಹೆಚ್ಚಾಗಿ ಮೀಟರು ಕಿರುಚಿದರೆ ಎಲ್ಲರನ್ನೂ ಹೊರಗೆ ಓಡಿಸುವವನು ನಾನು. ನನ್ನೊಳಗೇ ಅದರ ಉತ್ಪಾದನೆ, ಅದೂ ಯಾರ ಅನುಮತಿಯಿಂದ?

ಅನುಮತಿ ಇದೆಯಂತೆ. ಅದನ್ನು ತಯಾರಿಸುವ ಕಿಣ್ವವನ್ನು ಇನ್ನೊಂದು ಪ್ರೋಟೀನು ಕೋಶದ ಅಂಚಿನಲ್ಲಿ ಹಿಡಿದು ಕೂರಿಸಿರುತ್ತದೆ. ರಕ್ತ ರಭಸವಾಗಿ ಹರಿದಾಗ ಕೋಶದೊಳಗೆ ಕ್ಯಾಲ್ಸಿಯಂ ಏರಿ, ಕ್ಯಾಲ್‌ಮಾಡ್ಯುಲಿನ್ ಎಂಬ ಜೊತೆಗಾರನೊಡನೆ ಬಂದು ಆ ಹಿಡಿತ ಬಿಡಿಸುತ್ತದೆ. ಕ್ಯಾಲ್ಸಿಯಂ ಇಳಿದರೆ ಕೆಲಸವೂ ಇಳಿಮುಖ. ರೋಗಾಣುಗಳ ಮೇಲೆ ಬೀಳುವ ಕೋಶಗಳಲ್ಲಿ ಇನ್ನೊಂದು ಬಗೆಯ ಕಿಣ್ವವಿದೆ. ಅದು ಒಮ್ಮೆ ತಯಾರಾದರೆ ಕ್ಯಾಲ್ಸಿಯಂ ಏರಲಿ ಎಂದು ಕಾಯುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ಅನುಮತಿಗೆ ಕಾಯದವರು ಯಾರೆಂದು ನಾನು ಹೇಳುವುದಿಲ್ಲ.

"ಅಂದ್ರೆ ನನ್ನೊಳಗೂ ಪರ್ಮಿಟ್ ಸಿಸ್ಟಮ್" ಎಂದೆ ಹೆಮ್ಮೆಯಿಂದ.

"ಹೌದು ಪಪ್ಪಾ. ಆದ್ರೆ ಅರ್ಜಿ ಕಾಲಲ್ಲಿ ಹಾಕ್ಬೇಕು."

ಮರುದಿನ ಸಂಜೆ ಪ್ಲಾಂಟಿನ ಗ್ಯಾಸ್ ಮೀಟರನ್ನು ಜೇಬಿಗೆ ಸಿಕ್ಕಿಸಿಕೊಂಡೇ ಹೊರಟೆ. ಅರ್ಧ ಗಂಟೆ ಬೆವರಿಳಿಸಿದರೂ ಅದು ಸೊನ್ನೆಯಿಂದ ಕದಲಲಿಲ್ಲ. ಬಂದು ಮಗಳ ಮುಂದೆ ದೂರಿಟ್ಟೆ. ಅವಳು ನಗು ತಡೆಯಲಾರದೆ, "ಅದು ಹುಟ್ಟಿ ಕ್ಷಣದಲ್ಲೇ ಮುಗೀತದೆ ಪಪ್ಪಾ. ಆ ಮೀಟರಿಗೆ ಸಿಗುವಷ್ಟು ಇದ್ರೆ ಮೊದ್ಲು ನಿಮ್ಮನ್ನೇ ಹೊರಗೆ ಓಡಿಸ್ಬೇಕು" ಎಂದಳು. ಮೀಟರು ಮನೆಯಲ್ಲಿ ಉಳಿಯಿತು, ನಾನು ನಡೆದೆ.

ಮೂರು ತಿಂಗಳ ಬಳಿಕ ಒತ್ತಡ ಇಳಿದಿತ್ತು. ಡಾಕ್ಟರು 'ಫಿಟ್' ಎಂದು ಸಹಿ ಹಾಕಿದಾಗ ಕಣ್ಣು ತುಂಬಿತು. ಮನೆಗೆ ಬಂದು ಆ ಕಾಗದವನ್ನು ಶೈಲಾಳ ಕೈಗಿಟ್ಟು, ಸೋಫಾದಲ್ಲಿ ಕಾಲು ಚಾಚಿದೆ. ಅವಳು ಅದನ್ನು ಎರಡು ಸಲ ಓದಿದಳು, ದೇವರ ಮುಂದಿಟ್ಟು ಬಂದಳು.

"ಇವತ್ತು ನಡೀಲಿಕ್ಕೆ ಇಲ್ವಾ?"

"ಸಹಿ ಆಯ್ತಲ್ಲ."

"ಹೌದಾ? ನಿಮ್ಮ ಪ್ಲಾಂಟಲ್ಲಿ ಒಂದು ಸಹಿ ಎಷ್ಟು ದಿನಕ್ಕೆ?"

ಇಪ್ಪತ್ತು ವರ್ಷ ನಾನೇ ಗದರಿಕೊಂಡು ಬಂದ ಮಾತು. ಆ ಫೋರ್‌ಮನ್ನನ ಹಾಗೆಯೇ ತೆಪ್ಪಗೆ ಎದ್ದು ಬೂಟು ಹಾಕಿಕೊಂಡೆ.