ಜಪ್ತಿ ಮಾಡಿದ ಪುಸ್ತಕಕ್ಕೆ ಭಂಡಾರ

ಮಕ್ಕಳ ಕೈಯಿಂದ ಕಿತ್ತುಕೊಂಡ ವಸ್ತುವನ್ನು ಮೇಷ್ಟ್ರಾದವನು ಮನೆಗೆ ತರಬಾರದು. ಚೆಂಡಾದರೆ ಚಿಂತೆಯಿಲ್ಲ, ಹುಣಸೆಹಣ್ಣಾದರೆ ತಿಂದು ಕೈ ತೊಳೆದುಕೊಳ್ಳಬಹುದು. ಪುಸ್ತಕ ಮಾತ್ರ ಬೇಡ. ತೆಲಂಗಾಣದ ಗಡಿಯ ಮಖ್ತಲ್‌ನಲ್ಲಿ ಇಪ್ಪತ್ತು ವರ್ಷ ಲೆಕ್ಕ ಕಲಿಸಿ 'ನಗದ ಮೇಷ್ಟ್ರು' ಎಂದು ಗಳಿಸಿದ ಹೆಸರನ್ನು ನಾನು ಒಂದೇ ವಾರದಲ್ಲಿ ಹೇಗೆ ಹಳ್ಳ ಹಿಡಿಸಿದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತೇನೆ.

ಹತ್ತನೇ ತರಗತಿಯ ಭಾಗ್ಯ ಬೀಜಗಣಿತದ ಪುಸ್ತಕದೊಳಗೆ ತೆಲುಗು ಕಾದಂಬರಿಯೊಂದನ್ನು ಇಟ್ಟುಕೊಂಡು ಓದುತ್ತಿದ್ದಳು. ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಕೊಂಡದ್ದಂತೆ. "ಇಂಥಾದ್ನ ನಾ ಮುಟ್ಟಿ ಸುದ್ದಾ ನೋಡಂಗಿಲ್ಲ. ಶನಿವಾರ ನಿಮ್ಮಪ್ಪನ್ನ ಕರ್ಕೊಂಡು ಬಾ, ಅವರ ಕೈಯಾಗ ಕೊಡ್ತೀನಿ" ಎಂದು ಜಪ್ತಿ ಮಾಡಿದೆ. ಅವಳ ಗೆಳತಿಯರು ನನ್ನ ಕನ್ನಡಕ ನೋಡಿ, ಒಬ್ಬರನ್ನೊಬ್ಬರು ನೋಡಿ ಕಿಸಕ್ಕೆಂದರು. ಯಾಕೆಂದು ಆಗ ತಿಳಿಯಲಿಲ್ಲ.

ಅಪ್ಪನ ಮುಂದೆ ದೂರು ಹೇಳಲು ಪುರಾವೆ ಬೇಕಲ್ಲ ಎಂದು ಸಂಜೆ ಮೊದಲ ಪುಟ ತೆರೆದೆ. ಅಷ್ಟೇ, ನನ್ನ ಕಥೆ ಮುಗಿಯಿತು. ಒಂದು ಹಾಸ್ಟೆಲ್ಲು, ನಾಲ್ವರು ಹುಡುಗಿಯರು, ಒಬ್ಬೊಬ್ಬಳ ಹೊಟ್ಟೆಯಲ್ಲೂ ಒಂದೊಂದು ಗುಟ್ಟು, ಅವರಲ್ಲಿ ಮೀನಾ ಎಂಬವಳು ಕಾಣೆ. ಮರುದಿನ ಪುಸ್ತಕಕ್ಕೆ ಹಳೆಯ ಪೇಪರಿನ ರಟ್ಟು ಹಾಕಿ ಸ್ಟಾಫ್ ರೂಮಿನಲ್ಲೂ ಓದಿದೆ. ಸಂಜೆ ರೊಟ್ಟಿ ಬಡಿಯುತ್ತ ಕೂತ ಅವ್ವನಿಗೆ ಓದಿದಷ್ಟು ಕಥೆಯನ್ನು ಕನ್ನಡದಲ್ಲಿ ಹೇಳಿದೆ.

ಅವ್ವ ಸುಮ್ಮನೆ ಕೇಳುವವಳಲ್ಲ. "ಆ ಮೀನಾಗ ತಾಯಿ ಇಲ್ಲೇನೋ? ಪಾಪ, ಅಕಿ ಸಲುವಾಗಿ ಯಾರು ಬೇಡ್ಕೋಬೇಕು" ಎಂದು ಎದ್ದಳು. ನಮ್ಮದು ಕುರಿ ಕಾಯ್ದ ಮನೆತನ, ಬೀರಪ್ಪನ ಒಕ್ಕಲು. ಯಾರಿಗೆ ಕಷ್ಟ ಬಂದರೂ ಅವ್ವ ದೇವರ ಮುಂದಿನ ಅರಿಶಿನವನ್ನು, ಅಂದರೆ ಭಂಡಾರವನ್ನು, ಒಂದು ಚಿಟಿಕೆ ಹಚ್ಚುತ್ತಾಳೆ. ಮೀನಾಳ ಹಣೆ ಸಿಗದ್ದರಿಂದ ಪುಟಕ್ಕೇ ಹಚ್ಚಿದಳು. ಅಂಥ ಕಾದಂಬರಿಯಲ್ಲಿ ನಾಲ್ಕು ಪುಟಕ್ಕೊಂದು ಗಂಡಾಂತರ. ಶುಕ್ರವಾರದ ಹೊತ್ತಿಗೆ ಪುಸ್ತಕ ಬಹುಪಾಲು ಹಳದಿಯಾಗಿತ್ತು, ಇನ್ನು ಮೂವತ್ತು ಪುಟ ಉಳಿದಿತ್ತು.

ಶನಿವಾರ ಭಾಗ್ಯಳ ಜೊತೆ ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದರು, ಅವರೂ ಬೀರಪ್ಪನ ಒಕ್ಕಲೇ. ಬಹಳ ಗತ್ತಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಭಂಡಾರ ಭುಸ್ಸೆಂದು ಹಾರಿ ಅವರ ಬಿಳಿ ಧೋತ್ರದ ಮೇಲೆ ಬಿತ್ತು. ಅವರು ಥಟ್ಟನೆ ಎದ್ದು ಚಪ್ಪಲಿ ಬಿಟ್ಟು, ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಬೀರಪ್ಪನ ಭಂಡಾರ ಹಚ್ಚಿ ಪೂಜಾ ಮಾಡೀರಿ ಅಂದ್ರ ಭಾಳ ದೊಡ್ಡ ಪುಸ್ತಕನ ಇರಬೇಕ್ರಿ ಸಾರ್. ನಿಮ್ಮಂಥೋರು ಸಿಕ್ಕಿದ್ದು ನಮ್ ಪುಣ್ಯೇರಿ. ಏ ಭಾಗ್ಯಾ, ದಿನಾ ಜಳಕ ಮಾಡಿ ಇದ್ನ ಓದ್ಬೇಕು ನೋಡವಾ."

ಏನು ಹೇಳಲಿ? ಕೆಟ್ಟ ಪುಸ್ತಕ ಎಂದರೆ ಭಂಡಾರ ಯಾಕೆ ಹಚ್ಚಿದಿರಿ ಎಂದು ಕೇಳುತ್ತಾರೆ. ಬೆಳಗಿನಿಂದ ಬಾಯಿಪಾಠ ಮಾಡಿದ್ದ ಭಾಷಣ ನುಂಗಿಕೊಂಡು, "ಹೌದ್ರಿ, ಓದ್ಲಿ" ಎಂದೆ. ಅವರು ಕೈಮುಗಿದು ಹೊರಗೆ ಹೋದರು. ಭಾಗ್ಯ ನಿಂತು ಪುಟ ತಿರುವಿದಳು.

"ಸಾರ್, ಭಂಡಾರ ಇನ್ನೂರಾ ಹತ್ತನೇ ಪುಟದ ತನಕ ಐತ್ರಿ. ಮುಂದ ಇಲ್ರಿ. ಮೀನಾನ್ನ ಮುಚ್ಚಿಟ್ಟೋರು ಯಾರಂತ ಹೇಳ್ಲೇನ್ರಿ?"

"ಬ್ಯಾಡವಾ, ನಿನಗ ಕೈ ಮುಗೀತೀನಿ" ಎಂದು ಎರಡೂ ಕಿವಿ ಮುಚ್ಚಿಕೊಂಡೆ. ಇಪ್ಪತ್ತು ವರ್ಷದ ಗತ್ತು ಅಲ್ಲಿಗೆ ಮಣ್ಣುಪಾಲು. ಅವಳಿಗೆ ಅಯ್ಯೋ ಎನ್ನಿಸಿರಬೇಕು, ಪುಸ್ತಕ ನನ್ನ ಮುಂದೆಯೇ ಇಟ್ಟಳು. "ಸೋಮವಾರ ಕೊಡ್ರಿ ಸಾರ್. ಕ್ಲಾಸಿನ್ಯಾಗ ಮಾತ್ರ ಓದ್ಬ್ಯಾಡ್ರಿ."

ಭಾನುವಾರ ಅವ್ವನ ಮುಂದೆ ಕೂತು ಮುಗಿಸಿದೆ. ಮೀನಾಳನ್ನು ಮುಚ್ಚಿಟ್ಟವನು ಹಾಸ್ಟೆಲ್ಲಿನ ಲೆಕ್ಕದ ಮೇಷ್ಟ್ರು. ಕನ್ನಡಕ ಹಾಕುತ್ತಾನೆ, ನಗುವುದಿಲ್ಲ, ಹುಡುಗಿಯರ ಪುಸ್ತಕ ಕಿತ್ತುಕೊಳ್ಳುತ್ತಾನೆ.

ಅವ್ವನ ರೊಟ್ಟಿಯ ಸದ್ದು ನಿಂತಿತು. ನನ್ನನ್ನೇ ದಿಟ್ಟಿಸಿ ನೋಡಿದಳು. ಎದ್ದು ಹೋಗಿ, ಈ ಸಲ ಚಿಟಿಕೆಯಲ್ಲ, ಬೊಗಸೆಯಲ್ಲಿ ತಂದು ನನ್ನ ಹಣೆಗೆ ಬಳಿದಳು. "ಇನ್ ಮ್ಯಾಲರ ಹುಡ್ಗೇರ್ನ ಕಾಡಬ್ಯಾಡೋ ತಮ್ಮಾ."

ಎಷ್ಟು ತಿಕ್ಕಿದರೂ ಅರಿಶಿನ ಪೂರ್ತಿ ಹೋಗಲಿಲ್ಲ. ಸೋಮವಾರ ಪುಸ್ತಕ ಹಿಡಿದು ತರಗತಿಗೆ ಹೋದಾಗ ಭಾಗ್ಯ ನನ್ನ ಹಣೆ ನೋಡಿ ಮೆಲ್ಲಗೆ ಅಂದಳು, "ಪೂರಾ ಓದಿ ಮುಗಿಸೀರಿ ಅಂತ ಕಾಣ್ತೈತ್ರಿ, ಸಾರ್."