ಹಟ್ಟಿಯಲ್ಲಿ ಕಟ್ಟಿದ ಆಕಾಶಯಂತ್ರ

ಖಾಸಗಿ ಬಾಹ್ಯಾಕಾಶ ಪ್ರೋತ್ಸಾಹ ಕೋಶದ ಗೌರವಾನ್ವಿತ ನಿರ್ದೇಶಕರಿಗೆ, ಬಿಜೂರಿನಿಂದ ಪ್ರಜ್ಞಾ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಕಚೇರಿಯ ಛಾವಣಿಯ ಮೇಲೆ ಈಚೆಗೆ ಏನೂ ಬಿದ್ದಿಲ್ಲವೆಂದೂ ನಂಬಿದ್ದೇನೆ. ಇವತ್ತು ಬೆಳಿಗ್ಗೆ ಹಾಲು ತರಲು ನನ್ನ ದೊಡ್ಡಮ್ಮ ಅಕ್ಕುವಿನ ಮನೆಗೆ ಹೋದಾಗ ದನದ ಹಟ್ಟಿಯಲ್ಲಿ ಎರಡು ಕಡೆ ಹುಲ್ಲು ಹಾಕಿದ್ದು ಕಣ್ಣಿಗೆ ಬಿತ್ತು. ಒಂದು ಕಟ್ಟು ದನದ ಮುಂದೆ, ಇನ್ನೊಂದು ತಾವು ಪ್ರೋತ್ಸಾಹಿಸುತ್ತಿರುವ ಮುಗಿಲಪಥ ಸ್ಪೇಸ್ ಪ್ರೈವೇಟ್ ಲಿಮಿಟೆಡ್‌ನವರ ಯಂತ್ರದ ಮುಂದೆ. ಯಂತ್ರ ಹುಲ್ಲು ತಿನ್ನುವುದಿಲ್ಲವೆಂದು ದೊಡ್ಡಮ್ಮನಿಗೂ ಗೊತ್ತಿದೆ. ಹಾಗಿದ್ದರೆ ಇದೇಕೆ ಎಂದು ಕೇಳಿದ್ದಕ್ಕೆ, "ನಮ್ಮ ಹಟ್ಟಿಯಗೆ ಕಟ್ಟಿದ್ದಕ್ಕೆ ಹುಲ್ ಹಾಕ್ದೆ ಇಪ್ಪುಕೆ ಆತ್ತಾ ಮಗಾ?" ಎಂದು ನನ್ನನ್ನೇ ಗದರಿದರು. ಯಂತ್ರದ ಪಾಲನ್ನೂ ದನವೇ ತಿಂದು ಮುಗಿಸುವುದರಿಂದ, ತಮ್ಮ ಯೋಜನೆಯ ಮೊದಲ ಫಲಾನುಭವಿಯಾಗಿ ಅದರ ಹೆಸರನ್ನು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ.

ತಮಗೆ ತಿಳಿದಿರುವಂತೆ, ಉಪಗ್ರಹದೊಳಗೆ ಇಡಬೇಕಾದ ಯಂತ್ರವನ್ನು ಕಂಪನಿಯವರು ಮೊದಲು ಬಲೂನಿಗೆ ಕಟ್ಟಿ ಮೂವತ್ತು ಕಿಲೋಮೀಟರ್ ಎತ್ತರಕ್ಕೆ ಹಾರಿಸಿ ನೋಡುತ್ತಾರೆ. ಘಟ್ಟದ ಮೇಲಿನ ಯಾವುದೋ ಬಯಲಿನಲ್ಲಿ ಇಳಿಯಬೇಕಾಗಿದ್ದ ಅದು ಗಾಳಿಯ ಮಾತು ಕೇಳಿ ಘಟ್ಟ ಇಳಿದು, ಕಳೆದ ಶನಿವಾರ ಮಧ್ಯಾಹ್ನ, ಕಿತ್ತಳೆ ಬಣ್ಣದ ಕೊಡೆ ಬಿಡಿಸಿಕೊಂಡು ದೊಡ್ಡಮ್ಮನ ಕಲ್ಲಂಗಡಿ ಗದ್ದೆಯ ನಡುವೆ ಕುಳಿತಿತು. ಮೀನಿನ ಐಸ್ ಪೆಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ. ಹನ್ನೊಂದು ಹಣ್ಣು ಒಡೆದವು. ಇಳಿದ ಮೇಲೆ ಅದು ಕುಂಯ್ ಕುಂಯ್ ಎಂದು ಕೂಗಿತೇ ಹೊರತು, ಇಳಿಯುವ ಮೊದಲು ಒಂದು ಸಲವೂ "ಹ್ವಾಯ್" ಎನ್ನಲಿಲ್ಲ. ನಮ್ಮ ಕಡೆ ತೆಂಗಿನಕಾಯಿ ಕೀಳುವವರು ಕೂಡ ಮರದ ಮೇಲಿನಿಂದ ಒಂದು ಹ್ವಾಯ್ ಹಾಕಿಯೇ ಕಾಯಿ ಕೆಡಹುತ್ತಾರೆ. ಇಷ್ಟೊಂದು ವಿದ್ಯೆ ಕಲಿತ ಯಂತ್ರಕ್ಕೆ ಆ ಒಂದು ಶಬ್ದವನ್ನು ಕಲಿಸುವುದು ಕಷ್ಟವಾಗಲಾರದೆಂದು ನನ್ನ ಅನಿಸಿಕೆ.

ಇನ್ನು ದೊಡ್ಡಮ್ಮ ಮಾಡಿದ ಅಪರಾಧದ ವಿಷಯ. ಬೇರೆಯವರ ಗಂಟಿ, ಅಂದರೆ ದನ, ತಪ್ಪಿಸಿಕೊಂಡು ನಮ್ಮ ಗದ್ದೆಗೆ ಬಂದರೆ ಹೊಡೆದು ಓಡಿಸುವ ಕ್ರಮ ನಮ್ಮ ಮನೆಯಲ್ಲಿಲ್ಲ. ಹಟ್ಟಿಗೆ ತಂದು ಕಟ್ಟಿ, ಹುಲ್ಲು ನೀರು ಕೊಟ್ಟು ಕಾಯಬೇಕು. ಯಜಮಾನರು ಹುಡುಕಿಕೊಂಡು ಬಂದು, ಹೊರಗೇ ನಿಂತು ಕರೆದು, ಹಾಳಾದ ಗದ್ದೆಯನ್ನು ಕಣ್ಣಾರೆ ನೋಡಿ, ಛೇ ಹೀಗಾಯಿತಲ್ಲ ಎಂದು ಒಂದು ಮಾತು ಹೇಳಿ, ಬೆಲ್ಲ ನೀರು ಕುಡಿದು, ತಮ್ಮ ಕೈಯಾರೆ ಹಗ್ಗ ಬಿಚ್ಚಿಕೊಂಡು ಹೋಗಬೇಕು. ಪರಿಹಾರ ಕೇಳುವುದಿಲ್ಲ. ಆ ಒಂದು ಮಾತಿಗೆ ಗದ್ದೆ ಸಮಾಧಾನವಾಗುತ್ತದೆಂದು ಲೆಕ್ಕ. ದೊಡ್ಡಮ್ಮ ಆಕಾಶದಿಂದ ಬಂದದ್ದಕ್ಕೆ ಬೇರೆ ಕ್ರಮ ಹುಡುಕುತ್ತಾ ಕೂರಲಿಲ್ಲ. ನನ್ನ ಕೈಯಲ್ಲಿ ಒಂದು ತುದಿ ಹಿಡಿಸಿ, ಪೆಟ್ಟಿಗೆಯನ್ನು ಹಟ್ಟಿಗೆ ಸಾಗಿಸಿ, ಕಂಬಕ್ಕೆ ಕಟ್ಟಿದರು. ಆದ್ದರಿಂದ ಈ ಪ್ರಕರಣದಲ್ಲಿ ನಾನು ಎರಡನೆಯ ಆರೋಪಿ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಹಟ್ಟಿಯದು ತಗಡಿನ ಮಾಡು. ಮೂವತ್ತು ಕಿಲೋಮೀಟರ್ ಎತ್ತರದಿಂದ ಬೆಂಗಳೂರಿನ ಜೊತೆ ಮಾತಾಡಿದ ಯಂತ್ರ ಆ ತಗಡಿನ ಕೆಳಗೆ ಬಂದದ್ದೇ ಮೂಕವಾಯಿತಂತೆ. ಮರುದಿನ ಕಂಪನಿಯ ಇಬ್ಬರು ತರುಣರು, ಕೊನೆಯ ಸಂಕೇತ ಬಂದ ಜಾಗ ತೋರಿಸುವ ಫೋನನ್ನು ಮುಂದೆ ಹಿಡಿದುಕೊಂಡು, ಉಳಿದ ಬಳ್ಳಿಗಳ ಮೇಲೆಯೇ ನಡೆದು, ಯಾರನ್ನೂ ಕರೆಯದೆ ನೇರ ಹಟ್ಟಿಗೆ ಹೋಗಿ ಹಗ್ಗಕ್ಕೆ ಕೈ ಹಾಕಿದರು. ದೊಡ್ಡಮ್ಮ ಸಿಟ್ಟು ಮಾಡಲಿಲ್ಲ. "ಹ್ವಾಯ್, ನಿಮ್ಮಲ್ಲಿ ಯಜಮಾನ್ರ್ ಯಾರ್?" ಎಂದಷ್ಟೇ ಕೇಳಿದರು. ರತನ್ ಎಂಬ ಹೆಸರಿನ ಎಂಜಿನಿಯರ್, ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಅವರು ಇಂಥದ್ದಕ್ಕೆಲ್ಲ ಬರುವುದಿಲ್ಲ ಎಂದರು. "ಬರ್ಲಿ. ಗದ್ದೆ ಕಾಣ್ಲಿ, ಒಂದ್ ಮಾತ್ ಹೇಳ್ಲಿ, ಬಿಚ್ಕಂಡ್ ಹೋಯ್ಲಿ. ನಂಗ್ ಇದ್ನ ಇಟ್ಕಂಡ್ ಎಂತ ಆಯ್ಕ್?" ಎಂದರು ದೊಡ್ಡಮ್ಮ. ದೊಡ್ಡಮ್ಮ ಕೊಟ್ಟ ಬೆಲ್ಲ ನೀರನ್ನು ರತನ್ ಎರಡು ಲೋಟ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು. ಅವರ ಮೇಲೆ ನಮಗೆ ಯಾವ ದೂರೂ ಇಲ್ಲ.

ಬುಧವಾರ ನಮ್ಮ ಗ್ರಾಮ ಆಡಳಿತಾಧಿಕಾರಿ ಸುಧೀರ್ ಅವರು ಒಂದೇ ಲಕೋಟೆಯಲ್ಲಿ ಎರಡು ಹಾಳೆ ತಂದರು. ಮೊದಲನೆಯದು ತಮ್ಮ ಕೋಶದ ಜನಬೆಂಬಲ ಪತ್ರ. "ದೇಶದ ಖಾಸಗಿ ಬಾಹ್ಯಾಕಾಶ ಸಾಧನೆಗೆ ನಾನು ಬೆಂಬಲ ನೀಡುತ್ತೇನೆ" ಎಂಬ ವಾಕ್ಯದ ಕೆಳಗೆ ಎರಡು ಚೌಕಗಳಿವೆ: ಒಂದರಲ್ಲಿ "ಹೌದು", ಇನ್ನೊಂದರಲ್ಲಿ "ಖಂಡಿತ ಹೌದು". ಪ್ರಜೆಗಳಿಗೆ ಆಯ್ಕೆಯ ಕಷ್ಟವನ್ನು ಇಷ್ಟು ಕಡಿಮೆ ಮಾಡಿಕೊಟ್ಟ ಅರ್ಜಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಎರಡನೆಯದು ತಮ್ಮ ಕೋಶದಿಂದಲೇ ದೊಡ್ಡಮ್ಮನ ಹೆಸರಿಗೆ ಬಂದ ನೋಟಿಸು. ಕಂಪನಿಯ ಆಸ್ತಿಯನ್ನು ದುರುದ್ದೇಶದಿಂದ ಬಚ್ಚಿಟ್ಟು ಸಂಕೇತ ತಡೆದ ಅಕ್ಕು ಎಂಬವರು, ಅದು ತಮ್ಮ ತಪ್ಪೆಂದು ಮುಚ್ಚಳಿಕೆ ಬರೆದು ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಬೈಂದೂರಿನ ತಾಲ್ಲೂಕು ಕಚೇರಿಗೆ ತರಬೇಕು, ತಪ್ಪಿದರೆ ಪೊಲೀಸರಿಗೆ ದೂರು ಹೋಗುತ್ತದೆ. ಸುಧೀರ್ ಅವರಿಗೂ ಬೇಸರವಾಗಿತ್ತು. ನನ್ನ ಕಡೆ ತಿರುಗಿ, "ನೀನ್ ಕಲ್ತವ್ಳ್ ಅಲ್ದಾ, ಚಂದ ಮಾಡಿ ಬರ್ದ್ ಕೊಡ್," ಎಂದರು.

ಕನ್ನಡ ಎಂ.ಎ. ಮುಗಿಸಿ ಎರಡು ವರ್ಷವಾದ ಮೇಲೆ ನನಗೆ ಸಿಕ್ಕ ಮೊದಲ ಸರ್ಕಾರಿ ಕೆಲಸ ಇದು. ಹಾಳೆ ಹಿಡಿದು ಕುಳಿತೆ. ದೊಡ್ಡಮ್ಮ ಬಂದು ಬಾಗಿಲಿಗೆ ಒರಗಿದರು. ನಂತರ, "ನಾನ್ ಕದ್ದದ್ದ್ ಅಂದೇಳಿ ನೀನೇ ಬರೀತ್ಯಾ ಮಗಾ?" ಎಂದು ಕೇಳಿದರು. ಪಕ್ಕದ ಗದ್ದೆಯಿಂದ ಉರುಳಿ ಬಂದ ಕಲ್ಲಂಗಡಿಯನ್ನೂ ಕಂಟದ ಮೇಲೆ, ಅಂದರೆ ಬದುವಿನ ಮೇಲೆ, ತಿರುಗಿ ಇಟ್ಟು ಬರುವವರು ಅವರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಮಾನ್ಯರೇ, ತಪ್ಪು ತಿಳಿಯಬಾರದು. ನಾನು ತಮ್ಮ ನೀತಿಯ ವಿರೋಧಿಯಲ್ಲ. ಆಕಾಶ ಇಷ್ಟು ದೊಡ್ಡದಿರುವಾಗ ಅಲ್ಲಿಗೆ ಸರ್ಕಾರ ಒಂದೇ ಹೋಗಬೇಕೆಂದೇನಿಲ್ಲ. ಆ ಕಿತ್ತಳೆ ಕೊಡೆ ತೆಂಗಿನ ಗರಿಗಳ ಮೇಲಿಂದ ಮೆಲ್ಲಗೆ ಇಳಿಯುವಾಗ ದೊಡ್ಡಮ್ಮನೂ ನಾನೂ ಗದ್ದೆಯಲ್ಲಿ ಬಾಯಿ ತೆರೆದು ನಿಂತಿದ್ದೆವು. ಹಣ್ಣು ಒಡೆದದ್ದು ಆಮೇಲೆ ನೆನಪಾಯಿತು. ಕಂಪನಿಗಳು ಮೇಲೆ ಹೋಗಲು ತಾವು ಏಕಗವಾಕ್ಷಿ ತೆರೆದು, ಎಲ್ಲ ಅನುಮತಿಗಳನ್ನೂ ಒಂದೇ ಕಡೆ ಕೊಡುತ್ತಿರುವುದು ಶ್ಲಾಘನೀಯ. ಕೆಳಗೆ ಬರುವುದಕ್ಕೂ ಒಂದು ಸಣ್ಣ ಕಿಟಕಿ ತೆರೆದು, ಅದರ ಹಿಂದೆ ಛೇ ಎನ್ನಲು ಬರುವ ಒಬ್ಬರನ್ನು ಕೂರಿಸಿದರೆ ನೀತಿ ಪೂರ್ಣವಾಗುತ್ತದೆ. ಈಗಿನ ಏರ್ಪಾಡಿನಲ್ಲಿ ಮೇಲೆ ಹೋದದ್ದು ಕಂಪನಿಯ ಸಾಧನೆ, ಅದನ್ನು ನೋಡಿ ಹೆಮ್ಮೆಪಡುವುದು ದೇಶದ ಕೆಲಸ, ಕೆಳಗೆ ಬಿದ್ದದ್ದು ಮಾತ್ರ ದೊಡ್ಡಮ್ಮನ ತಪ್ಪು. ಮುಂದಿನ ಯಂತ್ರಗಳು ಕಲ್ಲಂಗಡಿ ಕೊಯ್ಲಿನ ನಂತರವೇ ಬೀಳುವಂತೆ ಗಾಳಿಗೂ ಒಂದು ನೋಟಿಸು ಕಳಿಸಿದರೆ ಉಪಕಾರವಾಗುತ್ತದೆ. ಪಕ್ಕದ ಊರಾದ ನಾವುಂದದ ಕಡೆಗೆ ಬೀಸುವ ಗಾಳಿಗೂ ಒಂದು ಪ್ರತಿ ಹೋಗಲಿ, ಅಲ್ಲಿಯೂ ಗದ್ದೆಗಳಿವೆ.

ತಾವೇ ಯಜಮಾನರನ್ನು ಕರೆದುಕೊಂಡು ಬರುವುದಾದರೆ ಇನ್ನೂ ಸಂತೋಷ. ಬಸ್ಸಿಳಿದು ಯಾರನ್ನು ಕೇಳಿದರೂ ಯಂತ್ರ ಕಟ್ಟಿದ ಮನೆ ತೋರಿಸುತ್ತಾರೆ.

ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನನ್ನ ದನಿ ಕೇಳದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಬಸ್ಸಿನಲ್ಲಿ ನಿಲ್ಲಿಸಿ ಎನ್ನಲಾರದೆ ಮುಂದಿನ ನಿಲ್ದಾಣದಿಂದ ನಡೆದು ಬಂದವಳು ನಾನು. ಆದರೂ ನಾಳೆ ಒಂಬತ್ತರ ಬಸ್ಸಿಗೆ ದೊಡ್ಡಮ್ಮನ ಜೊತೆ ಬೈಂದೂರಿಗೆ ಹೋಗುತ್ತಿದ್ದೇನೆ. ಜನಬೆಂಬಲ ಪತ್ರದಲ್ಲಿ "ಹೌದು" ಎಂಬುದಕ್ಕೆ ಗುರುತು ಹಾಕಿದ್ದೇನೆ, ಅದು ನಿಜ. ಮುಚ್ಚಳಿಕೆಯ ಹಾಳೆ ಖಾಲಿಯಾಗಿಯೇ ಬರುತ್ತದೆ. ಅದರ ಬದಲು ಈ ಪತ್ರವನ್ನು ಅಲ್ಲಿ ನಿಂತು ನಾನೇ ಓದುತ್ತೇನೆ, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.

ಹಗ್ಗದ ಗಂಟು ಸಡಿಲವಾಗಿಯೇ ಇದೆ ಎಂಬ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ, ಎರಡನೆಯ ಆರೋಪಿ,
ಪ್ರಜ್ಞಾ
ಬಿಜೂರು

ವಿ.ಸೂ.: ಪತ್ರ ಮುಗಿಸಿ, ನಾಳೆ ಯಾರಾದರೂ ನೋಡಲು ಬಂದರೆ ಚೊಕ್ಕಟವಾಗಿರಲೆಂದು ಯಂತ್ರದ ಮೇಲಿನ ಗದ್ದೆಯ ಮಣ್ಣನ್ನು ಒರೆಸಿದೆ. ಒಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ಸಾಲೊಂದು ಕಂಡಿತು. ಅದರ ಅರ್ಥ ಇಷ್ಟು: "ಇದು ಸಿಕ್ಕಿದವರು ದಯವಿಟ್ಟು ಭದ್ರವಾದ ಜಾಗದಲ್ಲಿಟ್ಟು, ಮಾಲೀಕರು ಬರುವವರೆಗೆ ಕಾಪಾಡಿ." ನನ್ನ ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬರೆದವರೂ ಅದನ್ನು ಓದಿದಂತೆ ಕಾಣುವುದಿಲ್ಲವಾದ್ದರಿಂದ, ನೋಟಿಸಿನ ಒಂದು ಪ್ರತಿಯನ್ನು ಆ ಪೆಟ್ಟಿಗೆಗೂ ಕಳಿಸಬೇಕಾಗಿ ವಿನಂತಿ.