ನನ್ನ ಮಂಡಿಯ ಪರ ಮತ್ತು ವಿರೋಧ

ವಾದದಲ್ಲಿ ಗೆಲ್ಲಲು ಸತ್ಯ ಬೇಕಾಗಿಲ್ಲ, ಸಾಕ್ಷಿ ಇದ್ದರೆ ಸಾಕು ಎಂದು ನಂಬಿ ಬೆಳೆದವಳು ನಾನು. ಹೊಳೆನರಸೀಪುರದ ನಮ್ಮ ಕಾಲೇಜಿನ ಚರ್ಚಾ ತಂಡದಲ್ಲಿ ದೇವರಿದ್ದಾನೆ ಎಂದು ಒಮ್ಮೆ, ಇಲ್ಲ ಎಂದು ಇನ್ನೊಮ್ಮೆ ಸಾಬೀತುಪಡಿಸಿ ಎರಡಕ್ಕೂ ಸ್ಟೀಲ್ ಲೋಟ ಗೆದ್ದಿದ್ದೇನೆ. ಆದರೆ ಒಂದೇ ಒಂದು ವಿಷಯದಲ್ಲಿ ಮಾತ್ರ ರಕ್ತಪರೀಕ್ಷೆ, ಎಕ್ಸರೇ, ಹಾಸನದ ಡಾಕ್ಟರ ಸಹಿ ಎಲ್ಲವೂ ಕೈಯಲ್ಲಿದ್ದೂ ದಿನಾ ಸೋಲುತ್ತೇನೆ. ಹದಿನೇಳರ ಹುಡುಗಿಗೆ ಸಂಧಿವಾತ ಬರಬಹುದೇ ಎಂಬುದೇ ಆ ವಿಷಯ.

ಬರಕೂಡದು ಎಂಬುದು ಊರಿನ ತೀರ್ಪು. ಮಂಡಿನೋವೆಂದರೆ ಬದುಕಿಡೀ ದುಡಿದವರಿಗೆ ಕೊನೆಯಲ್ಲಿ ಸಿಗುವ ಪಿಂಚಣಿ. ನಾನು ಸರದಿ ತಪ್ಪಿಸಿ ನುಗ್ಗಿದವಳು. ಸ್ವಂತ ಮಂಡಿನೋವಿದ್ದ ಅಜ್ಜಿಗೂ ಮೊದಮೊದಲು ಇದರಿಂದ ಸ್ವಲ್ಪ ಮುನಿಸಾಗಿತ್ತು. ಆಮೇಲೆ ಮನಸ್ಸು ಕರಗಿ ತನ್ನ ಎಣ್ಣೆ ಸೀಸೆ ಹಿಡಿದು ಬಂದಳು. ಇದರಿಂದ ನಿನಗೆ ವಾಸಿಯಾಯಿತೇ ಎಂದು ಪಾಟೀಸವಾಲು ಹಾಕಿದೆ. ಇಲ್ಲ ಎಂದಳು. ಮತ್ತೆ ನನಗೆ ಹೇಗೆ ಆಗುತ್ತದೆ ಎಂದೆ.

"ನಂಗೆ ವಯಸ್ಸಾಗೋಯ್ತು ಕಣಮ್ಮಿ, ಅದ್ಕೆ ಆಗ್ಲಿಲ್ಲ. ನಿಂಗಾಯ್ತದೆ, ಕಾಲ್ ಚಾಚು."

ಈ ತರ್ಕಕ್ಕೆ ಯಾವ ಚರ್ಚಾಸ್ಪರ್ಧೆಯಲ್ಲೂ ಉತ್ತರ ಕಲಿಸಿರಲಿಲ್ಲ. ಚಾಚಿದೆ.

ರೋಗದ ಸ್ವಭಾವವೂ ನನ್ನ ವಿರೋಧಪಕ್ಷವೇ. ಬೆಳಿಗ್ಗೆ ಎದ್ದರೆ ಮಂಡಿ, ಮಣಿಕಟ್ಟುಗಳೆಲ್ಲ ತುಕ್ಕು ಹಿಡಿದ ಗೇಟು. ಜಡೆ ಹಾಕಲು, ಬ್ರಷ್ಷಿಗೆ ಪೇಸ್ಟ್ ಹಾಕಲು ಅಮ್ಮ ಬೇಕು. ಮಾತ್ರೆ ನುಂಗಿ, ಬಿಸಿನೀರು ಹುಯ್ದುಕೊಂಡು, ನಿಧಾನವಾಗಿ ಓಡಾಡಿದರೆ ಬಿಸಿಲೇರುವ ಹೊತ್ತಿಗೆ ಒಂದೊಂದೇ ಕೀಲು ಮನಸ್ಸು ಬದಲಾಯಿಸುತ್ತದೆ. ಮಧ್ಯಾಹ್ನ ನಗುತ್ತ ಕ್ಯಾಂಟೀನಿನ ಮೆಟ್ಟಿಲು ಹತ್ತುತ್ತೇನೆ. ಬೆಳಗಿನ ಸಾಕ್ಷಿ ಅಮ್ಮ ಒಬ್ಬಳೇ. ಮಧ್ಯಾಹ್ನದ ಸಾಕ್ಷಿ ಇಡೀ ಕಾಲೇಜು. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ತಡವಾದವಳು ಸಂಜೆ ಹೇಗೆ ನೆಟ್ಟಗೆ ನಡೆದಳು ಎಂದು ಕೇಳಿದವರ ಮುಂದೆ ನಾನು ಅಲ್ಪಸಂಖ್ಯಾತಳು.

ಆ ಒಬ್ಬ ಸಾಕ್ಷಿಯೂ ಹೊರಗಡೆ ಮಾತು ತಿರುಗಿಸುತ್ತಿದ್ದಳು. ಹೆಣ್ಣುಮಗಳ ಕಾಯಿಲೆ ನೆಂಟರ ಕಿವಿಗೆ ಬಿದ್ದರೆ ಮುಂದೆ ಗಂಡು ಹುಡುಕುವುದು ಹೇಗೆ? ನಮ್ಮ ಕಡೆ ಕಾಯಿಲೆ ಎಂದರೆ ಕಳಂಕ, ಬಿದ್ದು ಏಟಾದರೆ ಬರೀ ಗ್ರಹಚಾರ. ಆದ್ದರಿಂದ ಅಮ್ಮ ನನ್ನನ್ನು ಮಾತಿನಲ್ಲೇ ಬೀಳಿಸತೊಡಗಿದಳು. ಅರಕಲಗೂಡಿನ ಮಾವನಿಗೆ ಹೇಳುವಾಗ ಸ್ಕೂಟರಿನಿಂದ, ಹಾಸನದ ದೊಡ್ಡಮ್ಮನಿಗೆ ಮಾವನ ಶುಂಠಿ ಹೊಲದ ಬದುವಿನಿಂದ, ಚನ್ನರಾಯಪಟ್ಟಣದ ಚಿಕ್ಕಮ್ಮನಿಗೆ ಬಚ್ಚಲುಮನೆಯಲ್ಲಿ. ನನಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಈ ಮೂವರೂ ಒಂದೇ ಮದುವೆಯ ಪಂಕ್ತಿಯಲ್ಲಿ ಕೂತರೆ ನಮ್ಮ ಕತೆ ಮುಗಿಯಿತು ಎಂದು ಎಚ್ಚರಿಸಿದರೆ ಅಮ್ಮ, ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದರಾಯಿತು ಎಂದಳು.

ಹೀಗಿರುವಾಗ ಚನ್ನರಾಯಪಟ್ಟಣದಲ್ಲಿ ಜಿಲ್ಲಾ ಚರ್ಚಾಸ್ಪರ್ಧೆ ಬಂತು. ಗೆದ್ದರೆ ರಾಜ್ಯಮಟ್ಟ. ಎರಡು ವರ್ಷದಿಂದ ಇದಕ್ಕಾಗಿಯೇ ಗಂಟಲು ಹರಿದುಕೊಂಡಿದ್ದೆ. ಮೊದಲ ಬಸ್ಸಿನಲ್ಲಿ ಅಮ್ಮನ ಜೊತೆ ಮುದುಡಿಕೊಂಡು ಹೋಗಿ ಇಳಿದರೆ, ಚೀಟಿಯಲ್ಲಿ ಮೊದಲ ಸರದಿಯೇ ನನ್ನದು. ಮೈಕಿನ ಮುಂದೆ ಐದು ನಿಮಿಷ ನಿಲ್ಲುವುದು ಆ ಹೊತ್ತಿಗೆ ನನಗೆ ಬೆಟ್ಟ ಹತ್ತಿದಂತೆ. ಕುರ್ಚಿ ಕೇಳಿದೆ.

"ನಿಂತೇ ಮಾತಾಡ್ಬೇಕು ಕಣಮ್ಮ, ರೂಲ್ಸು. ಕುಂತ್ಕಳಕ್ಕೆ ಕಾರಣ ಏನು ಯೋಳು" ಎಂದರು ನಡೆಸಿಕೊಡುತ್ತಿದ್ದ ಮೇಷ್ಟ್ರು. ಅವರು ಕೇಳಿದ್ದು ಮೈಕಿನಲ್ಲಿ.

ಮುಂದಿನ ಸಾಲಿನಲ್ಲಿ ಅಮ್ಮ ಒಂದು ಅಂಗೈಯನ್ನು ಇನ್ನೊಂದರ ಮೇಲೆ ಸರ್ರನೆ ಜಾರಿಸಿ ತೋರಿಸುತ್ತಿದ್ದಳು. ಪಕ್ಕದಲ್ಲೇ, ಬಚ್ಚಲುಮನೆಯ ಕತೆ ಕೇಳಿದ್ದ ಚಿಕ್ಕಮ್ಮ. ಜಾರಿ ಬಿದ್ದೆ ಎಂದರೆ ಕುರ್ಚಿ ಬರುತ್ತಿತ್ತು. ಆದರೆ ದಿನವೂ ನೋಯುವ ಕಾಲಿನ ಪರವಾಗಿ ಒಂದು ದಿನವಾದರೂ ಮಾತಾಡದ ಬಾಯಿ ಎಂಥ ಬಾಯಿ ಎನ್ನಿಸಿತು.

"ನನಗೆ ಸಂಧಿವಾತ ಸಾರ್. ನನ್ನ ವಯಸ್ಸಿನವರಿಗೂ ಬರುತ್ತದೆ. ನಾನು ಎಲ್ಲೂ ಬಿದ್ದಿಲ್ಲ."

ಕುರ್ಚಿ ಬಂತು. ಆಮೇಲೆ ಏನು ಮಾತಾಡಿದೆನೋ, ಕೂತ ಜಾಗದಲ್ಲೇ ಓಡಿದಂತೆ ಮಾತಾಡಿದೆ. ಸಂಜೆ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರಿತ್ತು. ಕುಣಿಯಬೇಕೆನಿಸಿತು; ಅಷ್ಟು ಹೊತ್ತಿಗೆ ಕುಣಿಯಲು ಮಂಡಿಯೂ ಒಪ್ಪಿತ್ತು.

ಉಳಿದದ್ದು ಚಿಕ್ಕಮ್ಮ. ಆಕೆಗಾಗಿ ಐದಾರು ಖಂಡನೆಗಳನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಗೇಟಿನವರೆಗೆ ಆಕೆ ನಮ್ಮ ಜೊತೆಗೇ ಬಂದಳು.

"ಯಾವ್ ಡಾಕ್ಟ್ರು ಕಣೇ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. "ನಮ್ ಧನ್ಯಂಗೂ ಬೆಳಿಗ್ಗೆ ಕೈಬೆಟ್ಟು ಊದ್ಕತವೆ ಕಣಕ್ಕ. ಬರೆಯಕ್ಕೆ ಸೋಮಾರಿತನ ಅಂತ ಒಡ್ದೂ ಬುಟ್ಟಿದೀನಿ."

ಅಮ್ಮ ಆಕೆಯ ಕೈ ಹಿಡಿದುಕೊಂಡಳು. ಜಾರಿಸಿ ತೋರಿಸುವ ಕೈಗೆ ಬೇರೆ ಕೆಲಸ ಸಿಕ್ಕಿತು.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ಆಕೆಯ ಮಗಳು, ಹದಿಮೂರರ ಧನ್ಯ, ಕೇರಂ ಆಡುತ್ತಿದ್ದಳು. ಬೆರಳು ಚುರುಕಾಗಿ ಹಾರುತ್ತಿದ್ದವು. ಅನುಮಾನಿಸುವುದು ನನ್ನ ಹುಟ್ಟುಗುಣ. ಕೈ ಚೆನ್ನಾಗೇ ಇದೆಯಲ್ಲ, ಹೋಂವರ್ಕ್ ತಪ್ಪಿಸಿಕೊಳ್ಳುವ ನಾಟಕ ಅಲ್ಲ ತಾನೆ ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಒಮ್ಮೆ ದಿಟ್ಟಿಸಿ, ಬೆಳಿಗ್ಗೆ ಬಂದು ನೋಡು ಎಂದಷ್ಟೇ ಹೇಳಿ ಸ್ಟ್ರೈಕರ್ ಹೊಡೆದಳು.

ಬೆಳಿಗ್ಗೆ ಪಕ್ಕದ ಕೋಣೆಯಿಂದ ಕರೆದಳು, ಅಕ್ಕಾ ಈಗ ಬಾ, ಈಗ ಊದಿವೆ ಎಂದು. ಸಾಕ್ಷಿ ಸಿದ್ಧವಾಗಿತ್ತು. ನ್ಯಾಯಾಧೀಶೆಗೆ ಮಾತ್ರ ಚಾಪೆಯಿಂದ ಏಳಲು ಆಗುತ್ತಿರಲಿಲ್ಲ.